ದೋಣಿಮನೆಯ ಕೀಲಿ

ಶನಿವಾರವಾದ್ದರಿಂದ ಮಧ್ಯಾಹ್ನಕ್ಕೆ ಗಂಜಿ. ಸಮುದ್ರದ ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತ ಈ ಎಣ್ಣೆ ಪ್ಲಾಟ್‌ಫಾರ್ಮಿನಲ್ಲಿ ದಿನಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಹಾಲಿನಲ್ಲಿ ಬೇಯುವ ಅಕ್ಕಿಯ ವಾಸನೆ ಅಡುಗೆಕೋಣೆಯಿಂದ ಮೆಟ್ಟಿಲು ಹತ್ತಿ ಬಂದಾಗಲೇ ಇವತ್ತು ಶನಿವಾರವೆಂದು ಜನಕ್ಕೆ ಗೊತ್ತಾಗುವುದು. ಟೊರ್ಮೊಡ್ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಗಂಜಿಯ ನಡುವೆ ಇಟ್ಟ ಬೆಣ್ಣೆ ಕರಗಿ, ಹಳದಿಯಾಗಿ ಹರಡಿ, ದಾಲ್ಚಿನ್ನಿ ಸಕ್ಕರೆಯ ಅಂಚಿಗೆ ಬಂದು ನಿಂತಿತ್ತು. ಚಮಚ ಎತ್ತಿದ, ಇಟ್ಟ. ಅಂಗಿಯ ಜೇಬಿನಲ್ಲಿ, ಊರಿನಲ್ಲಿ ದೋಣಿ ಇಡುವ ದೋಣಿಮನೆಯ ಕೀಲಿಯಿತ್ತು. ಅದನ್ನು ಮುಟ್ಟಬಾರದೆಂದು ಬೆಳಗಿನಿಂದ ಎಷ್ಟೋ ಸಲ ನಿಶ್ಚಯಿಸಿದ್ದ, ಅದಕ್ಕಿಂತ ಒಂದು ಸಲ ಹೆಚ್ಚಾಗಿಯೇ ಮುಟ್ಟಿದ್ದ.

"ಏನಯ್ಯಾ, ಬಾವಿ ಉಕ್ಕಿ ಬರ್ತಾ ಇದೆ, ನೀನ್ಯಾಕೆ ಉಪವಾಸ?" ಗೌಟೆ ಎದುರಿನ ಕುರ್ಚಿ ಎಳೆದುಕೊಂಡು ಕೂತ. ಎಣ್ಣೆ ಕಂಪನಿಯ ಪರವಾಗಿ ಬಾವಿಯ ಕೆಲಸ ನೋಡಿಕೊಳ್ಳುವವನು ಅವನು. ಅಗಲ ಮುಖ, ಸುಮ್ಮನಿರಲು ಬಾರದ ಕೈಗಳು. ಕೂತ ಕೂಡಲೇ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ. "ಒಂದೇ ಏಟಿಗೆ ಒತ್ತಡ ಹೆಂಗೆ ಏರ್ತು ನೋಡಿದ್ಯಾ? ದಡಕ್ಕೆ ಫೋನ್ ಮಾಡಿ ಹೇಳ್ದೆ. ನಿಮ್ಮ ಗನ್ ಬಾವಿ ಗೋಡೇಲಿ ಹಾಕಿದ ಒಂದೊಂದು ತೂತೂ ಸರಿಯಾದ ಜಾಗದಲ್ಲೇ ಬಿದ್ದಿದೆ ಅಂದೆ."

"ಒಳ್ಳೇದಾಯ್ತು."

"ಒಳ್ಳೇದಾಯ್ತಂತೆ! ನಗೋಕೂ ನಿನ್ನ ಕಂಪನಿ ಅಪ್ಪಣೆ ಬೇಕಾ? ಆಮೇಲೆ, ನಿನ್ನ ಸುರಕ್ಷತಾ ಕಾರ್ಡು ನೋಡ್ದೆ. ಮೂರನೇ ಮೆಟ್ಟಿಲಿನ ಜಾಲರಿ ಸಡಿಲ ಆಗಿದೆ ಅಂತ ಬರೆದಿದ್ದೀಯಲ್ಲ. ಈ ತಿಂಗಳ ಬಹುಮಾನ ನಿಂಗೇ. ಥರ್ಮಾಸ್ ಫ್ಲಾಸ್ಕು, ಮಾರಾಯ. ಎಷ್ಟಾಯ್ತು ಈಗ ನಿನ್ನ ಮನೇಲಿ?"

"ಆರು," ಎಂದ ಟೊರ್ಮೊಡ್. ಪಕ್ಕದ ಮೇಜಿನವರು ನಕ್ಕರು. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ, ಅದೇ ತಡೆಯಲಾಗದ್ದಾಗಿತ್ತು. ಈಗ ಹೇಳಬೇಕು ಅನ್ನಿಸಿತು. "ಗೌಟೆ, ಬೆಳಿಗ್ಗೆ ಗನ್ ಇಳಿಸೋಕೆ ಮುಂಚೆ..."

"ಎರಡು ಗಂಟೆಗೆ ಎರಡನೇದು," ಗೌಟೆ ಎದ್ದಾಗಿತ್ತು. "ಒಂದು ನಿಮಿಷ ತಡ ಆಗ್ಬಾರ್ದು. ನಾಲ್ಕಕ್ಕೆ ಸಾಮಾನಿನ ಹಡಗು ಹತ್ತಿರ ಬರ್ಬೇಕು. ನಿಮ್ಮ ಮೌನವ್ರತ ಮುಗಿಯೋವರೆಗೆ ಕ್ಯಾಪ್ಟನ್ ದೂರದಲ್ಲೇ ಸುತ್ತು ಹೊಡೀತಾ ನಂಗೆ ಬೈತಾ ಇರ್ತಾನೆ. ಬೆಳಿಗ್ಗೆ ಮಾಡಿದ ಹಾಗೇ ಮಾಡಿ, ಸಾಕು."

ಬೆಳಿಗ್ಗೆ ಮಾಡಿದ ಹಾಗೇ. ಟೊರ್ಮೊಡ್ ತಟ್ಟೆಯನ್ನು ನೋಡುತ್ತ ಕೂತ. ಬೆಳಿಗ್ಗೆ ಐದಕ್ಕೆ ಅವನು ತನ್ನ ಕೆಲಸದ ಕ್ಯಾಬಿನ್ನಿನಲ್ಲಿ ಗನ್ ಸಿಡಿಸುವ ಪ್ಯಾನೆಲ್ಲನ್ನು ಪರೀಕ್ಷಿಸಿದ್ದ. ಕೀಲಿ ಹಾಕಿ, ತಿರುಗಿಸಿ, ದೀಪ ಬಂತೆಂದು ನೋಡಿ, ಮತ್ತೆ ಆರಿಸಿದ್ದ. ಆಗ ಫೋನ್ ಬಂತು. ಹವಾಮಾನ ಹೇಳುವ ಹುಡುಗಿ, ಗಾಳಿಯ ವೇಗ, ಅಲೆಯ ಎತ್ತರ. ಬರೆದುಕೊಂಡ. ಆಮೇಲೆ ಧ್ವನಿವರ್ಧಕದಲ್ಲಿ ಎಂದಿನ ಪ್ರಕಟಣೆ: ರೇಡಿಯೋ ಮೌನ ಶುರು, ಎಲ್ಲರೂ ತಮ್ಮ ರೇಡಿಯೋ ತಂದು ಬುಟ್ಟಿಗೆ ಹಾಕಬೇಕು, ವೆಲ್ಡಿಂಗ್ ನಿಲ್ಲಿಸಬೇಕು, ಕ್ರೇನ್ ನಿಲ್ಲಿಸಬೇಕು. ಇಡೀ ಪ್ಲಾಟ್‌ಫಾರ್ಮು ಒಂದೊಂದಾಗಿ ಬಾಯಿ ಮುಚ್ಚಿಕೊಂಡಿತು. ಎಲ್ಲೋ ದಾರಿ ತಪ್ಪಿದ ಒಂದು ಚೂರು ವಿದ್ಯುತ್ತು ಡಿಟೋನೇಟರಿನ ತಂತಿಗೆ ಸಿಕ್ಕಿದರೆ ಸಾಕು ಎನ್ನುವ ಹೆದರಿಕೆಯಿಂದ ಎಂಬತ್ತು ಜನ ಪಿಸುಮಾತಿಗೆ ಇಳಿಯುವ ಆ ಹೊತ್ತನ್ನು ಟೊರ್ಮೊಡ್ ಒಳಗೊಳಗೇ ಪ್ರೀತಿಸುತ್ತಿದ್ದ. ಅದು ಅವನ ಹೊತ್ತು. ಆ ಒಂದು ಗಂಟೆ ಯಾರೂ ಅವನನ್ನು ಏನೂ ಕೇಳುವಂತಿರಲಿಲ್ಲ. ಆ ಸುಖದಲ್ಲೇ ಅವನು ಪ್ಯಾನೆಲ್ಲಿನ ಕೆಳಗಿನ ಮೊಳೆಯಿಂದ ಕಿತ್ತಳೆ ದಾರದ ಕೀಲಿ ತೆಗೆದುಕೊಂಡು ಹೊರಗೆ ಹೋಗಿದ್ದು. ಮೊಳೆಯಲ್ಲಿ ಎರಡು ಕೀಲಿ ಇರುತ್ತಿದ್ದವು. ಎರಡಕ್ಕೂ ಒಂದೇ ಉಂಡೆಯ ಬಲೆದಾರ ಕಟ್ಟಿದವನು ಅವನೇ. ಹೆಲಿಕಾಪ್ಟರ್ ಹತ್ತಿ ಬಂದ ದಿನ ಜೇಬಿನಲ್ಲಿ ಉಳಿದಿದ್ದ ದೋಣಿಮನೆಯ ಕೀಲಿ ಕಳೆದುಹೋದೀತೆಂದು, ಜಾಗ್ರತೆಯ ಮನುಷ್ಯನಾದ್ದರಿಂದ, ಅಲ್ಲಿ ತೂಗುಹಾಕಿದ್ದ.

ಬಾವಿಯ ಮೇಲೆ ನಿಂತ ಉಕ್ಕಿನ ಗೋಪುರ, ಡೆರಿಕ್ಕಿನ ಕೆಳಗೆ ಗನ್ ನೇತಾಡುತ್ತಿತ್ತು. ಆಳೆತ್ತರದ ಮೂರು ಪಟ್ಟು ಉದ್ದದ ಉಕ್ಕಿನ ಕೊಳವೆ. ಒಳಗೆ ಸುತ್ತಿಕೊಂಡು ಹೋದ ಬತ್ತಿ, ಬತ್ತಿಗೆ ಬೆನ್ನು ಕೊಟ್ಟು ಕೂತ ನೂರಾರು ಸಿಡಿಮದ್ದಿನ ಬಟ್ಟಲುಗಳು. ಎರಡೂವರೆ ಕಿಲೋಮೀಟರ್ ಕೆಳಗೆ ಅವು ಬಾವಿಯ ಗೋಡೆಯನ್ನೂ ಅದರಾಚೆಯ ಕಲ್ಲನ್ನೂ ತೂತು ಮಾಡಿ ಎಣ್ಣೆಗೆ ದಾರಿ ಬಿಡುತ್ತವೆ. ಮೇಲೆ, ಮನುಷ್ಯರ ನಡುವೆ, ಅವನ್ನು ತಡೆದು ಹಿಡಿದಿರುವುದು ಒಂದು ಕ್ರಮ ಮಾತ್ರ. ಗನ್ನಿಗೆ ಡಿಟೋನೇಟರ್ ಜೋಡಿಸುವವನ ಕೊರಳಲ್ಲಿ ಪ್ಯಾನೆಲ್ಲಿನ ಕೀಲಿ ಇರಬೇಕು, ಅತ್ತ ಕ್ಯಾಬಿನ್ನಿನಲ್ಲಿ ಯಾರೂ ಸಿಡಿಸಲಾಗದ ಹಾಗೆ. ಜೋಡಿಸುವವನು ಹಾಲ್ವರ್, ಅರವತ್ತೊಂದರ ಮುದುಕ. ಹತ್ತೊಂಬತ್ತು ವರ್ಷದ ಹಿಂದೆ ದಡದಲ್ಲಿ, ತನಾಂಗರಿನ ಕಂಪನಿ ಅಂಗಳದಲ್ಲಿ ಟೊರ್ಮೊಡ್‌ಗೆ ಈ ಕೆಲಸ ಕಲಿಸಿದವನೂ ಅವನೇ. "ನನ್ನ ಕೈ ಗನ್ ಮೇಲೆ ಇರೋವಾಗ ನನ್ನ ಪ್ರಾಣ ನನ್ನ ಕೊರಳಲ್ಲಿರ್ಬೇಕು. ನಿನ್ನ ಜೇಬಲ್ಲಲ್ಲ, ತಿಳೀತಾ?" ಎಂದಿದ್ದ. ಬೆಳಿಗ್ಗೆ ಹಾಲ್ವರ್ ಕೈ ಚಾಚಿದ, ದಾರ ತಗೊಂಡ, ಕೊರಳಿಗೆ ಹಾಕಿಕೊಂಡ, ಕೀಲಿಯನ್ನು ಅಂಗಿಯೊಳಗೆ ಇಳಿಬಿಟ್ಟ. ಮುಖವನ್ನು ಕೊಳವೆಯ ತುದಿಗೆ ತಂದು, ಗಡಿಯಾರ ರಿಪೇರಿ ಮಾಡುವವನ ಹಾಗೆ ತಂತಿ ಹೆಣೆಯತೊಡಗಿದ. ಹನ್ನೆರಡು ನಿಮಿಷ. ಟೊರ್ಮೊಡ್ ಹತ್ತು ಹೆಜ್ಜೆ ದೂರದಲ್ಲಿ ನಿಂತು ಸಮುದ್ರ ನೋಡುತ್ತಿದ್ದ.

ಗನ್ ಸಮುದ್ರದ ತಳವನ್ನೂ ದಾಟಿ ಕೆಳಗೆ ಹೋದ ಮೇಲೆ ಹಾಲ್ವರ್ ಕ್ಯಾಬಿನ್ನಿಗೆ ಬಂದ, ಕೀಲಿಯನ್ನು ಮೇಜಿನ ಮೇಲಿಟ್ಟ, ಏನೂ ಹೇಳದೆ ಹೋದ. ಟೊರ್ಮೊಡ್ ಅದನ್ನು ಎತ್ತಿಕೊಂಡ. ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ಕಣ್ಣಿಗೆ. ದೋಣಿಮನೆಯ ಕೀಲಿಯ ಹಲ್ಲುಗಳು ಉಪ್ಪುಗಾಳಿಗೆ ಸವೆದಿರುತ್ತವೆ. ಪ್ಯಾನೆಲ್ಲಿನ ಕೀಲಿ ಪ್ಯಾನೆಲ್ಲಿನಲ್ಲೇ ಇತ್ತು, ಐದು ಗಂಟೆಗೆ ಬಿಟ್ಟಲ್ಲೇ, ದಾರ ಕೆಳಗೆ ಜೋತುಬಿದ್ದು. ಅದರ ಮುಂದಿನ ಕುರ್ಚಿಯಲ್ಲಿ, ಟೊರ್ಮೊಡ್ ಹೊರಗಿದ್ದ ಅಷ್ಟೂ ಹೊತ್ತು, ಕಾಫಿ ಲೋಟ ಹಿಡಿದುಕೊಂಡು ಗೌಟೆ ಕೂತಿದ್ದ. ಟೊರ್ಮೊಡ್ ಒಳಗೆ ಬಂದಾಗ ಅವನು ಆಳವನ್ನು ಕಾಗದದಲ್ಲಿ ದಾಖಲಿಸುವ ಯಂತ್ರದ ಗುಂಡಿಯೊಂದನ್ನು ಟಕಟಕ ಅನ್ನಿಸುತ್ತಿದ್ದ. "ಇದು ಏನಕ್ಕಯ್ಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎದ್ದು ಹೋಗಿದ್ದ.

ಆಮೇಲೆ ಟೊರ್ಮೊಡ್ ಮಾಡಿದ್ದೆಲ್ಲ ಸರಿಯಾಗಿತ್ತು. ಕೇಬಲ್ಲಿನ ಆಳ ಲೆಕ್ಕ ಹಾಕಿದ. ಎರಡು ಸಲ ತಾಳೆ ನೋಡಿದ. ಪ್ಯಾನೆಲ್ಲಿನಲ್ಲಿದ್ದ ಕೀಲಿಯನ್ನು ಒಮ್ಮೆ ಹೊರಗೆಳೆದು ಮತ್ತೆ ಹಾಕಿದ. ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗಾಗಿ ಹಾಗೆ ಮಾಡಿದನೋ. ತಿರುಗಿಸಿದ, ಸಿಡಿಸಿದ. ಕೇಬಲ್ ಬೆನ್ನಿಗೆ ಯಾರೋ ತಟ್ಟಿದ ಹಾಗೆ ಒಮ್ಮೆ ಅದುರಿತು. ಅಷ್ಟೇ.

ಏನೂ ಆಗಲಿಲ್ಲ. ಆ ಮಾತನ್ನು ಅವನು ಮನಸ್ಸಿನಲ್ಲಿ ಹೇಳಿಕೊಂಡದ್ದೇ ಎಂಡ್ರೆ ನೆನಪಾದ. ಎಂಟು ವರ್ಷದ ಹಿಂದೆ, ಬೇರೆ ಪ್ಲಾಟ್‌ಫಾರ್ಮಿನಲ್ಲಿ, ಎಂಡ್ರೆಯೂ ಇದೇ ಮಾತು ಹೇಳಿದ್ದ. "ಎರಡೇ ನಿಮಿಷ ಟೊರ್ಮೊಡ್, ಕೀಲಿ ಪ್ಯಾನೆಲ್ಲಲ್ಲಿ ಮರೆತೆ. ಏನೂ ಆಗ್ಲಿಲ್ವಲ್ಲ." ಟೊರ್ಮೊಡ್ ಅವನ ಮೇಲೆ ಎರಡು ಪುಟದ ವರದಿ ಬರೆದ. ದ್ವೇಷದಿಂದಲ್ಲ, ಅಕ್ಷರ ದುಂಡಗೆ ಬರಲೆಂದು ಎರಡು ಸಲ ಬರೆದ. "ಏನೂ ಆಗಲಿಲ್ಲ ಎಂಬುದು ಸಮರ್ಥನೆಯಲ್ಲ, ಅದೃಷ್ಟ" ಎಂಬ ಅದರೊಳಗಿನ ಒಂದು ವಾಕ್ಯವನ್ನು ಕಂಪನಿಯವರು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ತನಾಂಗರಿನ ಗೋಡೆಗೆ ಅಂಟಿಸಿದರು. ಎಂಡ್ರೆ ದಡಕ್ಕೆ ಹೋದವನು ಮತ್ತೆ ಬರಲಿಲ್ಲ. ಈಗ ಅವನು ಸ್ಟಾವಂಗರಿನಲ್ಲಿ ಬಸ್ಸು ಓಡಿಸುತ್ತಾನೆ. ಹೋದ ಚಳಿಗಾಲದಲ್ಲಿ ಟೊರ್ಮೊಡ್ ನೋಡದೆ ಅವನ ಬಸ್ಸು ಹತ್ತಿಬಿಟ್ಟಿದ್ದ. ಟಿಕೆಟ್ ಕೊಡುತ್ತ ಎಂಡ್ರೆ, ಎಲ್ಲ ಪ್ರಯಾಣಿಕರಿಗೂ ಹೇಳುವ ಹಾಗೆಯೇ, "ಗಟ್ಟಿಯಾಗಿ ಹಿಡ್ಕೊಳ್ಳಿ, ರಸ್ತೆ ಜಾರುತ್ತೆ" ಎಂದಿದ್ದ. ಟೊರ್ಮೊಡ್ ಎರಡು ನಿಲ್ದಾಣ ಮೊದಲೇ ಇಳಿದು ಹಿಮದಲ್ಲಿ ನಡೆದುಕೊಂಡು ಹೋಗಿದ್ದ. ಬೈದಿದ್ದರೆ ಕೂತಿರುತ್ತಿದ್ದ.

ಗಂಜಿಯ ತಟ್ಟೆಯನ್ನು ಹಾಗೆಯೇ ಕಿಟಕಿಗೆ ಕೊಟ್ಟು, ಅಡುಗೆಯವಳು "ಯಾಕೆ, ಸೀದಿತ್ತಾ?" ಎಂದು ಕೇಳಿದ್ದಕ್ಕೆ ಏನು ಹೇಳಿದನೆಂದು ತನಗೇ ತಿಳಿಯದೆ, ಅವನು ಹೊರಗೆ ಬಂದ. ಹಾಲ್ವರ್ ಶನಿವಾರದ ಗಂಜಿ ತಿನ್ನುತ್ತಿರಲಿಲ್ಲ. ಸಾಮಾನಿನ ಕೋಣೆಯಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತು, ಬೆಣ್ಣೆಕಾಗದ ಬಿಚ್ಚಿ, ಕಂದು ಗಿಣ್ಣಿನ ಬ್ರೆಡ್ಡು ತಿನ್ನುತ್ತಿದ್ದ. ಪಕ್ಕದಲ್ಲಿ ಬೆಳಗಿನ ಗನ್ ಗೋಡೆಯುದ್ದಕ್ಕೂ ಮಲಗಿಸಿಟ್ಟಿತ್ತು. ಮೈತುಂಬ ತೂತು, ಸುಟ್ಟ ವಾಸನೆ.

"ಹಾಲ್ವರ್, ನಿನ್ನ ಹತ್ರ ಒಂದು ಮಾತು."

"ಕೂತ್ಕೊ. ನಿಂತು ಹೇಳಿದ್ರೆ ಕಂಪನಿ ಸಭೆ ಥರ ಇರುತ್ತೆ."

ಕೂರಲಿಲ್ಲ. ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿ ಹಿಡಿದ. "ಬೆಳಿಗ್ಗೆ ನಿನ್ನ ಕೊರಳಲ್ಲಿ ಇದ್ದಿದ್ದು ಇದು. ನನ್ನ ದೋಣಿಮನೇದು."

ಹಾಲ್ವರ್ ಅಗಿಯುತ್ತಲೇ ಕೀಲಿಯನ್ನು ನೋಡಿದ. "ದೋಣಿಮನೇದು ಅಂತ ಗೊತ್ತಿರ್ಲಿಲ್ಲ," ಎಂದ. "ನಮ್ದಲ್ಲ ಅಂತ ಗೊತ್ತಿತ್ತು."

"ಯಾವಾಗ?"

"ಹಾಕ್ಕೊಂಡಾಗ್ಲೇ. ಹಗುರ ಇತ್ತು. ಇಷ್ಟು ವರ್ಷ ಹಾಕ್ಕೊಂಡಿದ್ದೀನಿ, ಗೊತ್ತಾಗಲ್ವಾ?"

ಟೊರ್ಮೊಡ್ ಅಂಗೈ ಮುಚ್ಚಿದ. ಹೇಳಿಬಿಡುವುದೊಂದೇ ಕಷ್ಟವೆಂದು ಬೆಳಗಿನಿಂದ ನಂಬಿದ್ದ. ಹೇಳಿದ ಮೇಲೆ ಬೈಗುಳವೋ ಕ್ಷಮೆಯೋ ಏನೋ ಒಂದು ಬರುತ್ತದೆ, ಅದನ್ನು ತಲೆಬಾಗಿಸಿ ತಗೊಳ್ಳುವುದು ಎಂದುಕೊಂಡಿದ್ದ. "ಗೊತ್ತಿದ್ದೂ ತಂತಿ ಜೋಡಿಸಿದ್ಯಾ?"

"ಜೋಡಿಸ್ದೆ."

"ಯಾಕೆ ಹೇಳ್ಲಿಲ್ಲ? ಒಂದು ಮಾತು. ಟೊರ್ಮೊಡ್, ಇದಲ್ಲ ಕಣೋ, ಅಂತ. ಅಷ್ಟೇ ತಾನೆ?"

ಹಾಲ್ವರ್ ಬ್ರೆಡ್ಡಿನ ಅಂಚನ್ನು ಮುರಿದ. "ಹೇಳಿದ್ರೆ ನೀನು ಏನ್ ಮಾಡ್ತಿದ್ದೆ? ಬರೀತಿದ್ದೆ. ಎಂಡ್ರೆ ಮೇಲೆ ಬರೆದ ಹಾಗೆ ನಿನ್ನ ಮೇಲೆ ಬರ್ಕೋತಿದ್ದೆ. ನಿಂಗೆ ಅದು ಆಗುತ್ತೆ, ನಾನು ಬಲ್ಲೆ. ಎಂಡ್ರೆ ವಿಷಯ ಆದ್ಮೇಲೆ ನಮ್ಮ ಗುಂಪಲ್ಲಿ ಯಾರಾದ್ರೂ ಯಾರಿಗಾದ್ರೂ ತಪ್ಪು ಅಂತ ಬಾಯಿಬಿಟ್ಟು ಹೇಳಿದ್ದು ಕೇಳಿದ್ದೀಯಾ? ಕಾರ್ಡು ಬರೀತಾರೆ. ಮೆಟ್ಟಿಲು ಸಡಿಲ, ದೀಪ ಮಂಕು. ಮನುಷ್ಯರ ತಪ್ಪು ಕಂಡ್ರೆ ಸಮುದ್ರ ನೋಡ್ತಾರೆ. ನಂಗೂ ಅದೇ ಅಭ್ಯಾಸ ಆಗ್ಬಿಟ್ಟಿದೆ ಅಂತ ಇವತ್ತು ಗೊತ್ತಾಯ್ತು."

"ಅದಕ್ಕೆ ಸಾಯೋಕೆ ತಯಾರಾದ್ಯಾ, ಮುದುಕಾ?"

"ಸಾಯ್ತೀನಿ ಅಂದ್ಕೊಳ್ಲಿಲ್ಲಪ್ಪ. ಕೊಡೋ ಗಡಿಬಿಡೀಲಿ ಬೇರೆ ಕೀಲಿ ಕೊಟ್ಟಿದ್ದಾನೆ, ಸರಿಯಾದ್ದು ಅವನ ಜೇಬಲ್ಲೇ ಇರುತ್ತೆ ಅಂದ್ಕೊಂಡೆ. ಟೊರ್ಮೊಡ್ ಅಲ್ವಾ." ಕಾಗದ ಮಡಿಸುತ್ತ, ಹೊರಗಿನ ಗಾಳಿ ಎಷ್ಟಿದೆ ಎಂದು ಕೇಳುವ ಹಾಗೆ, ಕೇಳಿದ: "ಎಲ್ಲಿತ್ತು?"

"ಪ್ಯಾನೆಲ್ಲಲ್ಲಿ."

ಹಾಲ್ವರ್‌ನ ದವಡೆ ನಿಂತಿತು. ಬಾಗಿಲಾಚೆ ಯಾರೋ ಸಿಳ್ಳೆ ಹಾಕುತ್ತ ಹೋದರು. "ಗೌಟೆ ಒಳಗೆ ಕೂತಿದ್ನಲ್ಲೋ," ಎಂದ.

"ಹೂಂ."

ಮುದುಕ ಎದ್ದ, ಗನ್ನಿನ ತೂತಿನಲ್ಲಿ ಒಮ್ಮೆ ಬೆರಳಿಟ್ಟು ತೆಗೆದ. ಬೆರಳು ಕಪ್ಪಾಗಿತ್ತು. ಪ್ಯಾಂಟಿಗೆ ಒರೆಸಿಕೊಂಡ. "ಬರೀಬೇಡ," ಎಂದ. "ನಿಂಗೋಸ್ಕರ ಅಲ್ಲ. ಬರೆದ್ರೆ ನನ್ನನ್ನ ಕರೆದು ಕೇಳ್ತಾರೆ. ಸುಳ್ಳು ಹೇಳೋಕೆ ನಂಗೆ ಬರಲ್ಲ. ಕೀಲಿ ತಪ್ಪು ಅಂತ ತಿಳಿದೂ ಡಿಟೋನೇಟರ್ ಮುಟ್ಟಿದವನನ್ನ ಇನ್ನೊಂದು ದಿನ ಇಲ್ಲಿ ಇಟ್ಕೋತಾರಾ? ದಡದಲ್ಲಿ ನಂಗೆ ನಿದ್ದೆ ಬರಲ್ಲ ಟೊರ್ಮೊಡ್. ಅಲ್ಲಿ ರಜೆಯ ಎರಡು ವಾರ ಕಳೆಯೋದೇ ಕಷ್ಟ. ಇನ್ನೂ ಸ್ವಲ್ಪ ದಿನ ಇರ್ತೀನಿ, ಬಿಡು."

ಟೊರ್ಮೊಡ್ ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿಕೊಂಡ. ಸುರಕ್ಷತಾ ಕಾರ್ಡಿನ ಕಟ್ಟು ಮೇಜಿನ ಮೇಲೆ ಸದಾ ಇರುತ್ತಿತ್ತು. ಒಂದನ್ನು ಎಳೆದುಕೊಂಡ. ದಿನಾಂಕ ಬರೆದ. ಸ್ಥಳ ಬರೆದ. 'ಯಾರು ಅಪಾಯಕ್ಕೆ ಒಳಗಾದರು?' ಎಂಬಲ್ಲಿ ಹಾಲ್ವರ್ ಹೆಸರು ಬರೆಯಹೋಗಿ, ಆ ಹೆಸರು ತಪ್ಪು ಮಾಡಿದವರ ಸಾಲಿಗೂ ಬರಬೇಕಾಗುತ್ತದೆಂದು ನಿಲ್ಲಿಸಿದ. ಹರಿದ. ಸಿಟ್ಟು ಬಂತು, ಯಾರ ಮೇಲೆಂದು ನೋಡಿದರೆ ಹಾಲ್ವರ್ ಮೇಲೆ. ತಪ್ಪೊಪ್ಪಿಕೊಳ್ಳುವ ಒಂದು ಶುದ್ಧವಾದ ಅವಕಾಶವನ್ನು ಆ ಮುದುಕ ಬ್ರೆಡ್ಡಿನ ಜೊತೆ ಅಗಿದು ನುಂಗಿಬಿಟ್ಟಿದ್ದ. ಬರೆದರೆ ಇನ್ನೊಬ್ಬ ಎಂಡ್ರೆ. ಬರೆಯದಿದ್ದರೆ, ಆರು ಥರ್ಮಾಸಿನ ಮನುಷ್ಯ ಏಳನೆಯದನ್ನು ನಗುತ್ತ ತಗೊಳ್ಳಬೇಕು. ಬರೆಯುವುದಕ್ಕೂ ಹೇಳುವುದಕ್ಕೂ ನಡುವೆ ಏನೋ ವ್ಯತ್ಯಾಸವಿದೆ ಅನ್ನಿಸಿತು, ಹಿಡಿಯಲು ಸಿಗಲಿಲ್ಲ. ಎಂಡ್ರೆಯ ಹತ್ತಿರ ಆ ದಿನ ಅವನು ಮಾತೇ ಆಡಿರಲಿಲ್ಲವಲ್ಲ. "ಏನೂ ಆಗ್ಲಿಲ್ವಲ್ಲ" ಎಂದು ಎಂಡ್ರೆ ಅವನ ಮುಖ ನೋಡಿದ್ದ, ಏನಾದರೂ ಅನ್ನಲಿ ಎಂದು ಕಾದಿದ್ದ. ಟೊರ್ಮೊಡ್ ತಲೆಯಾಡಿಸಿ ಕೋಣೆಗೆ ಹೋಗಿ ಪೆನ್ನು ತೆಗೆದಿದ್ದ.

ಎರಡಕ್ಕೆ ಹತ್ತು ನಿಮಿಷವಿರುವಾಗ ಧ್ವನಿವರ್ಧಕ ಕೂಗಿತು. ರೇಡಿಯೋಗಳು ಬುಟ್ಟಿಗೆ ಬಿದ್ದವು. ಕ್ರೇನ್ ನಿಂತಿತು. ಟೊರ್ಮೊಡ್ ಪ್ಯಾನೆಲ್ಲಿನ ಕೀಲಿ ತೆಗೆದ, ಖಾಲಿ ತೂತನ್ನು ನೋಡಿದ, ಕೀಲಿಯನ್ನು ನೋಡಿದ, ಬಾಗಿಲವರೆಗೆ ಹೋಗಿ ಮರಳಿ ಬಂದು ಮತ್ತೆ ತೂತನ್ನು ನೋಡಿದ. ಹೊರಗೆ ಗಾಳಿ ಹೆಚ್ಚಾಗಿತ್ತು. ಡೆರಿಕ್ಕಿನ ಕೆಳಗೆ ಎರಡನೆಯ ಗನ್ ಸಣ್ಣಗೆ ತೂಗುತ್ತಿತ್ತು. ಹಾಲ್ವರ್ ಬಳಿಯಲ್ಲಿ ನಿಂತಿದ್ದ. ಸ್ವಲ್ಪ ದೂರದಲ್ಲಿ ಗೌಟೆ, ತಲೆಗೆ ಕೆಂಪು ಕಿವಿಮುಚ್ಚಳ ಸಿಕ್ಕಿಸಿಕೊಂಡು, ಗಡಿಯಾರ ನೋಡುತ್ತಿದ್ದ.

ಹಾಲ್ವರ್ ಕೈ ಚಾಚಿದ. ಟೊರ್ಮೊಡ್ ಕೀಲಿ ಕೊಟ್ಟ. ಹಾಲ್ವರ್ ಅದರ ಕಡೆ ಕಣ್ಣು ಹಾಯಿಸದೆ ದಾರವನ್ನು ಕೊರಳಿಗೆ ಹಾಕಿಕೊಂಡು ಗನ್ನಿನ ಕಡೆ ತಿರುಗಿದ.

"ನೋಡು ಅದನ್ನ," ಎಂದ ಟೊರ್ಮೊಡ್.

"ನೋಡೋದೇನಿದೆ?"

"ನೋಡು ಅಂದೆ."

"ಜನ ನೋಡ್ತಿದ್ದಾರೆ. ಹೋಗು ನೀನು."

ಅವನು ಬೇಕೆಂದೇ ಹಾಗೆ ಮಾಡುತ್ತಿದ್ದನೋ, ಟೊರ್ಮೊಡ್‌ನ ಮಾನ ಉಳಿಸಲು ಮಾಡುತ್ತಿದ್ದನೋ, ಸುಮ್ಮನೆ ದಣಿದಿದ್ದನೋ ತಿಳಿಯುವಂತಿರಲಿಲ್ಲ. ಮುಂದಿನ ಸಲವೂ ನೋಡುವುದಿಲ್ಲ ಎಂಬುದು ಮಾತ್ರ ತಿಳಿಯಿತು. ಮುಂದಿನ ಸಲ ಕೀಲಿಯಾಗಿರಲಿಕ್ಕಿಲ್ಲ, ಒದ್ದೆಯಾದ ಬತ್ತಿಯೋ ಅದಲುಬದಲಾದ ಕೊಳವೆಯೋ ಆಗಿರಬಹುದು. ಹಾಲ್ವರ್ ಬೆರಳಲ್ಲಿ ತಿಳಿದುಕೊಂಡು, ಬಾಯಿ ಮುಚ್ಚಿಕೊಂಡು, ಮುಖವನ್ನು ಅದರ ಹತ್ತಿರ ತರುತ್ತಾನೆ. ಅವನ ಬೆನ್ನ ಹಿಂದೆ ಎಲ್ಲರೂ ಸಮುದ್ರ ನೋಡುತ್ತಿರುತ್ತಾರೆ. ಮುದುಕನ ಕೈ ಆಗಲೇ ಡಿಟೋನೇಟರಿನ ಪೆಟ್ಟಿಗೆಯ ಚಿಲಕದ ಮೇಲಿತ್ತು. ಟೊರ್ಮೊಡ್ ಮುಂದೆ ಹೋಗಿ ಆ ಮುಚ್ಚಳದ ಮೇಲೆ ತನ್ನ ಅಂಗೈ ಒತ್ತಿದ.

"ಕೈ ತೆಗಿ," ಎಂದ ಹಾಲ್ವರ್, ಮೆಲ್ಲಗೆ.

ಟೊರ್ಮೊಡ್ ಕೈ ತೆಗೆಯದೆ ಗೌಟೆಯ ಕಡೆ ತಿರುಗಿ ಹೇಳಿದ. ಒಂದೇ ಉಸಿರಿಗೆ, ಕಾಗದದಲ್ಲಿ ಎಂದೂ ಬರೆಯದಷ್ಟು ಕೆಟ್ಟದಾಗಿ, ಹಿಂದೆ ಮುಂದೆ ಮಾಡಿಕೊಂಡು ಹೇಳಿದ: ದೋಣಿಮನೆ, ಮೊಳೆ, ದಾರ, ಹನ್ನೆರಡು ನಿಮಿಷ. ಹಾಲ್ವರ್‌ಗೆ ತಿಳಿದಿತ್ತೆಂಬುದನ್ನು ಮಾತ್ರ ಬಿಟ್ಟ. ಗೌಟೆ ಹತ್ತಿರ ಬಂದು, ಒಂದು ಕಿವಿಯ ಮುಚ್ಚಳ ಎತ್ತಿ, ಹುಬ್ಬು ಗಂಟಿಕ್ಕಿ ಕೇಳಿದ: "ಏನಂದೆ? ಗಾಳೀಲಿ ಒಂದಕ್ಷರ ಕೇಳ್ಸಿಲ್ಲ."

ಟೊರ್ಮೊಡ್ ಮತ್ತೊಮ್ಮೆ ಹೇಳಿದ. ಈ ಸಲ ಚಿಕ್ಕದಾಗಿ. "ಬೆಳಿಗ್ಗೆ ಇವನು ತಂತಿ ಜೋಡಿಸ್ತಾ ಇದ್ದಾಗ ಪ್ಯಾನೆಲ್ಲಿನ ಕೀಲಿ ಪ್ಯಾನೆಲ್ಲಲ್ಲೇ ಇತ್ತು. ಇವನ ಕೊರಳಿಗೆ ನಾನು ಕೊಟ್ಟಿದ್ದು ಬೇರೆ ಕೀಲಿ. ಆ ಹೊತ್ತಲ್ಲಿ ಪ್ಯಾನೆಲ್ಲಿನ ಮುಂದೆ ಕೂತಿದ್ದು ನೀನು."

ಗೌಟೆಯ ಮುಖದ ಬಣ್ಣ ಮೇಲಿನಿಂದ ಕೆಳಕ್ಕೆ ಇಳಿದುಹೋಯಿತು. ಕೈ ತಾನಾಗಿ ಎದೆಯ ಮೇಲಿನ ರೇಡಿಯೋಗೆ ಹೋಯಿತು, ಯಾರನ್ನಾದರೂ ಕರೆಯಬೇಕು, ಯಾರಿಗಾದರೂ ಒಪ್ಪಿಸಬೇಕು ಎನ್ನುವಂತೆ. ಅಲ್ಲಿ ಖಾಲಿ ಪಟ್ಟಿ ಮಾತ್ರ ಇತ್ತು. ಅವನು ಆ ಪಟ್ಟಿಯನ್ನೇ ಹಿಡಿದುಕೊಂಡು ನಿಂತ. ಮೂವರ ನಡುವೆ ತುಂಬಿದ ಗನ್ ಗಾಳಿಗೆ ತೂಗುತ್ತಿತ್ತು. ಮೇಲೆ ಕಟಕಟೆಗೆ ಒರಗಿದ್ದ ಇಬ್ಬರು ಕೆಲಸಗಾರರು ಕೆಳಗೆ ಬಗ್ಗಿ ನೋಡಿದರು.

"ಇದನ್ನ ಈಗ ಹೇಳ್ತಿದ್ದೀಯಾ?" ಎಂದ ಗೌಟೆ. "ಇವನಿಗೆ ಗೊತ್ತಿರ್ಲಿಲ್ವಾ?"

ಟೊರ್ಮೊಡ್ ಇಲ್ಲ ಎನ್ನಲು ತಲೆಯಾಡಿಸಿದ.

ಹಾಲ್ವರ್ ಕೊರಳಿನಿಂದ ದಾರ ತೆಗೆದ. ಕೀಲಿಯನ್ನು ಅಂಗೈಯಲ್ಲಿಟ್ಟು, ಕಣ್ಣಿನ ಹತ್ತಿರ ತಂದು, ಒಂದು ಬದಿ ನೋಡಿ, ತಿರುಗಿಸಿ ಇನ್ನೊಂದು ಬದಿ ನೋಡಿದ. ಆತುರವೇನೂ ಇರಲಿಲ್ಲ.

"ನಂಗೊತ್ತಿತ್ತು," ಎಂದ.

ಗೌಟೆ ಇನ್ನೊಂದು ಕಿವಿಯ ಮುಚ್ಚಳವನ್ನೂ ತೆಗೆದ.